ಕಬ್ಜಾ ಇದೆ, ಉತಾರ ಎಲ್ಲಿ?

ಕ್ರಿಪ್ಟೊ ಕೊಳ್ಳಹೊರಟವರ ಕಿವಿಗೆ ಮೊದಲು ಬೀಳುವ ಉಪದೇಶ ಒಂದೇ: ಕೀಲಿಕೈ ನಿನ್ನದಲ್ಲದಿದ್ದರೆ ಕಾಯಿನ್ನೂ ನಿನ್ನದಲ್ಲ. ಆಂಡ್ರಿಯಾಸ್ ಆಂಟೊನೊಪೌಲೊಸ್ ಅವರಂಥ ಬಿಟ್‌ಕಾಯಿನ್ ಪ್ರಚಾರಕರು ಇಂಗ್ಲಿಷಿನಲ್ಲಿ ಹರಡಿದ ಈ ಮಾತು ಈಗ ವಿಜಯಪುರದ ಕಾಲೇಜು ಹುಡುಗರಿಗೂ, ತಿಕೋಟಾ, ಬಬಲೇಶ್ವರದ ದ್ರಾಕ್ಷಿ ಬೆಳೆಗಾರರ ಮನೆಗಳ ಓದಿದ ಮಕ್ಕಳಿಗೂ ಬಾಯಿಪಾಠವಾಗಿದೆ. ಎಕ್ಸ್‌ಚೇಂಜ್‌ನಲ್ಲಿ ದುಡ್ಡು ಬಿಡಬೇಡ, ಸ್ವಂತ ವಾಲೆಟ್ ಮಾಡಿಕೊ, ಅದನ್ನು ಮರಳಿ ತೆರೆಯುವ ಹನ್ನೆರಡು ಪದ ಬರೆದಿಟ್ಟುಕೊ, ಅಲ್ಲಿಗೆ ಮುಗಿಯಿತು, ನೀನೇ ನಿನ್ನ ಬ್ಯಾಂಕು. ಈ ಉಪದೇಶ ಸುಳ್ಳೆಂದು ನಾನು ಹೇಳಲಾರೆ. ಆದರೆ ಮೊದಲ ವಾಲೆಟ್ ತೆರೆಯುವವರಿಗೆ ಇದನ್ನೇ ಮೊದಲ ಪಾಠವಾಗಿ ಹೇಳಿಕೊಡುವುದು ಅವರನ್ನು ಅಪಾಯಕ್ಕೆ ನೂಕಿದ ಹಾಗೆ ಎಂದು ನನ್ನ ದೃಢವಾದ ಅಭಿಪ್ರಾಯ.

ಹೊಲದ ವ್ಯಾಜ್ಯ ಕಾಣದ ಮನೆ ನಮ್ಮ ಭಾಗದಲ್ಲಿ ಕಡಿಮೆ. ಅಂಥ ಮನೆಯಲ್ಲಿ ಬೆಳೆದವರಿಗೆ ಕಬ್ಜಾ (ಸ್ವಾಧೀನ) ಬೇರೆ, ಉತಾರ (ಪಹಣಿ) ಬೇರೆ ಎಂದು ಯಾರೂ ಕಲಿಸಬೇಕಿಲ್ಲ. ಉಳುಮೆ ಒಬ್ಬನದು, ಉತಾರದಲ್ಲಿ ಹೆಸರು ಇನ್ನೊಬ್ಬನದು ಎಂಬ ಕಾರಣಕ್ಕೆ ಅಣ್ಣತಮ್ಮಂದಿರು ವರ್ಷಗಟ್ಟಲೆ ಕೋರ್ಟು ಅಲೆದದ್ದನ್ನು ನೋಡಿದ್ದೇವೆ. ಸ್ವಂತ ವಾಲೆಟ್‌ನ ಕೀಲಿಕೈ ಕೊಡುವುದು ಬರೀ ಕಬ್ಜಾ. ಕಾಯಿನ್ ಫೋನಿನೊಳಗೆ ಇರುವುದಿಲ್ಲ. ಬ್ಲಾಕ್‌ಚೈನ್ ಎಂಬ ಎಲ್ಲರಿಗೂ ತೆರೆದ ಲೆಕ್ಕದ ಪುಸ್ತಕದಲ್ಲಿ ಒಂದು ವಿಳಾಸದ ಮುಂದೆ ಇಷ್ಟು ಎಂದು ಬರೆದಿರುತ್ತದೆ. ಆ ವಿಳಾಸಕ್ಕೆ ಸಹಿ ಹಾಕುವ ಶಕ್ತಿ ಕೀಲಿಕೈಗಿದೆ. ಪುಸ್ತಕದಲ್ಲಿ ಮೊತ್ತವಿದೆ, ವೇಳೆಯಿದೆ. ಹೆಸರಿಲ್ಲ, ತಂದೆಯ ಹೆಸರಿಲ್ಲ, ವಾರಸಾ ಇಲ್ಲ. ಕದ್ದವನು ಸಹಿ ಹಾಕಿದರೂ ಪುಸ್ತಕ ಒಪ್ಪಿಕೊಳ್ಳುತ್ತದೆ. ಹಾಗಾಗಿ ಕ್ರಿಪ್ಟೊದ ಉತಾರವನ್ನು ನಾವೇ ಕಟ್ಟಿಕೊಳ್ಳಬೇಕಾಗುತ್ತದೆ: ಯಾವ ಹಣದಿಂದ ಕೊಂಡೆ, ಯಾರಿಂದ ಕೊಂಡೆ, ತೆರಿಗೆ ಏನಾಯಿತು, ನಾನಿಲ್ಲದಾಗ ಯಾರಿಗೆ ಗೊತ್ತು. ಇದನ್ನು ಮೊದಲು ಕಟ್ಟಿ, ಕೀಲಿಕೈಯನ್ನು ಆಮೇಲೆ ಹಿಡಿಯಬೇಕು. ಕೀಲಿಕೈಯೇ ಮೊದಲು ಎಂಬ ಆ ಘೋಷಣೆ ಈ ಕ್ರಮವನ್ನು ತಲೆಕೆಳಗು ಮಾಡಿದೆ.

ಘೋಷಣೆಗೆ ಬಲ ಬಂದದ್ದು ಎಲ್ಲಿಂದ ಎಂಬುದನ್ನೂ ಹೇಳಬೇಕು. 2014ರಲ್ಲಿ ಜಪಾನಿನ ಮೌಂಟ್ ಗಾಕ್ಸ್ ಎಕ್ಸ್‌ಚೇಂಜ್ ಕುಸಿಯಿತು, 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಕುಸಿಯಿತು. ನಮಗೆ ನೇರವಾಗಿ ತಟ್ಟಿದ್ದು 2024ರ ಜುಲೈ 18ರಂದು ಭಾರತದ ವಜೀರ್‌ಎಕ್ಸ್ ಎಕ್ಸ್‌ಚೇಂಜ್‌ನಲ್ಲಿ ನಡೆದ ಕಳವು. ಸುಮಾರು 23 ಕೋಟಿ ಡಾಲರ್ ಬೆಲೆಯ ಕ್ರಿಪ್ಟೊ ಒಂದೇ ದಿನದಲ್ಲಿ ಹೋಯಿತು. ಗ್ರಾಹಕರು ತಮ್ಮ ಕಾಯಿನ್ ಹೊರತೆಗೆಯಲಾಗದೆ ಒಂದು ವರ್ಷಕ್ಕೂ ಹೆಚ್ಚು ಕಾಲ ಕಾದರು; ಸಿಂಗಾಪುರದ ಕೋರ್ಟಿನ ಒಪ್ಪಿಗೆ ಬಂದ ಮೇಲೆ, 2025ರ ಅಕ್ಟೋಬರ್‌ನಲ್ಲಿ ಆ ವೇದಿಕೆ ಮತ್ತೆ ತೆರೆಯಿತು. ಇದನ್ನು ಅನುಭವಿಸಿದವರು ಸ್ವಂತ ವಾಲೆಟ್ ಎಂದು ಕೂಗುವುದು ಸಹಜ, ಅವರ ಸಿಟ್ಟು ನ್ಯಾಯವಾದದ್ದು.

ಆದರೆ ಅದೇ ಪ್ರಕರಣದಲ್ಲಿ ಇನ್ನೊಂದು ಸಂಗತಿ ಅಡಗಿದೆ. ಕಳವಾದ ವಾಲೆಟ್ ಹಲವರ ಸಹಿ ಬೇಕಾಗಿದ್ದ ವಾಲೆಟ್. ಪರದೆಯಲ್ಲಿ ತೋರಿದ್ದಕ್ಕೂ ನಿಜವಾಗಿ ಸಹಿಯಾದ ವ್ಯವಹಾರಕ್ಕೂ ತಾಳೆಯಿರಲಿಲ್ಲ ಎಂದು ಸಂಸ್ಥೆಯೇ ಹೇಳಿತು. ಅಂದರೆ ಕೀಲಿಕೈ ಹಿಡಿಯುವುದನ್ನೇ ಕೆಲಸವಾಗಿ ಮಾಡಿಕೊಂಡವರ ಕೈಯಲ್ಲಿದ್ದಾಗಲೇ ಮೋಸ ನಡೆಯಿತು. ಇದರಿಂದ, ಇನ್ನು ಮೇಲೆ ನಾವೇ ಒಬ್ಬೊಬ್ಬರಾಗಿ ಸಹಿ ಹಾಕೋಣ, ಆಗ ಸುರಕ್ಷಿತ ಎಂಬ ತೀರ್ಮಾನ ಹೇಗೆ ಬರುತ್ತದೆ? ಅಪಾಯ ಅವರ ಮನೆಯಿಂದ ನಮ್ಮ ಮನೆಗೆ ಬಂದಿದೆ, ಅಷ್ಟೇ. ಇಷ್ಟಾದರೂ ವಜೀರ್‌ಎಕ್ಸ್ ಗ್ರಾಹಕರ ಹೆಸರು ಒಂದು ಕಡತದಲ್ಲಿತ್ತು, ಆದ್ದರಿಂದ ಕೋರ್ಟಿಗೆ ಹೋಗುವ ದಾರಿ ಉಳಿಯಿತು. 2025ರ ಅಕ್ಟೋಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಇಂಥ ಒಬ್ಬ ಗ್ರಾಹಕರ ಅರ್ಜಿಯಲ್ಲೇ ಕ್ರಿಪ್ಟೊ ಒಂದು ಆಸ್ತಿ ಎಂದು ಹೇಳಿತು.

ಕೀಲಿಕೈ ಮತ್ತು ದಾಖಲೆಯ ಈ ಅಂತರವನ್ನು ನಮ್ಮ ವಿಜಯಪುರ ಜಿಲ್ಲೆ ಹತ್ತಿರದಿಂದಲೇ ನೋಡಿದೆ. 2025ರ ಮೇ ತಿಂಗಳಲ್ಲಿ ಮನಗೂಳಿಯ ಕೆನರಾ ಬ್ಯಾಂಕ್ ಶಾಖೆಯಿಂದ ಜನ ಅಡವಿಟ್ಟಿದ್ದ ಸುಮಾರು 59 ಕಿಲೋ ಬಂಗಾರ ಹೋಯಿತು. ಮರುತಿಂಗಳು ಪೊಲೀಸರು ಬಂಧಿಸಿದವರಲ್ಲಿ ಅದೇ ಶಾಖೆಯ ಹಿಂದಿನ ಮ್ಯಾನೇಜರ್ ಇದ್ದ. ಅಲ್ಲಿ ಕೆಲಸದಲ್ಲಿದ್ದಾಗಲೇ ಕೀಲಿಕೈಗಳ ನಕಲು ತಯಾರಾಗಿತ್ತು ಎಂದು ಪೊಲೀಸರು ಹೇಳಿದರು. ಸೆಪ್ಟೆಂಬರ್‌ನಲ್ಲಿ ಚಡಚಣದ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ ದರೋಡೆಯಾಯಿತು. ಬ್ಯಾಂಕನ್ನೂ ನಂಬುವ ಹಾಗಿಲ್ಲ, ಎಲ್ಲವೂ ನಮ್ಮ ಕೈಯಲ್ಲೇ ಇರಬೇಕು ಎಂಬ ಮಾತಿಗೆ ಇವು ಪುರಾವೆಯಾಗಿ ಬಳಕೆಯಾದವು. ನನಗೆ ಕಂಡದ್ದು ಬೇರೆ. ಮನಗೂಳಿಯಲ್ಲಿ ಸೋತದ್ದು ಕೀಲಿಕೈ. ಯಾರ ಬಂಗಾರ, ಎಷ್ಟು ತೂಕ, ಎಷ್ಟು ಸಾಲ ಎಂಬ ದಾಖಲೆ ಸೋಲಲಿಲ್ಲ. ಅಡವಿಟ್ಟ ಮನುಷ್ಯನ ಕೇಳುವ ಹಕ್ಕು ಕಳ್ಳನ ಚೀಲದಲ್ಲಿ ಹೋಗಲಿಲ್ಲ. ಸ್ವಂತ ವಾಲೆಟ್‌ನ ಹನ್ನೆರಡು ಪದಗಳನ್ನು ಯಾರಾದರೂ ನಕಲು ಮಾಡಿಕೊಂಡರೆ ಕೇಳುವುದಕ್ಕೆ ಎದುರಿಗೆ ಯಾರೂ ಇರುವುದಿಲ್ಲ. ನಕಲಾಗಿದೆ ಎಂಬುದೂ ಹಣ ಹೋಗುವ ದಿನದವರೆಗೆ ಗೊತ್ತಾಗುವುದಿಲ್ಲ.

ಈಗ ನಮ್ಮ ಊರುಗಳಲ್ಲಿ ಮೊದಲ ವಾಲೆಟ್ ಹೇಗೆ ಹುಟ್ಟುತ್ತದೆ ಎಂದು ನೋಡೋಣ. ಪುಸ್ತಕದಲ್ಲಿ ಹೇಳಿದಂತೆ ಒಬ್ಬರೇ ಕೋಣೆಯಲ್ಲಿ ಕುಳಿತು ಆ್ಯಪ್ ಹಾಕಿಕೊಂಡು ಕಾಗದದ ಮೇಲೆ ಪದ ಬರೆಯುವವರು ವಿರಳ. ತಿಳಿದವನೊಬ್ಬ ಇರುತ್ತಾನೆ, ಅಳಿಯನೋ, ಮೊಬೈಲ್ ಅಂಗಡಿಯ ಹುಡುಗನೋ, ಬೆಂಗಳೂರಿನಿಂದ ಹಬ್ಬಕ್ಕೆ ಬಂದ ತಮ್ಮನೋ. "ಮೊಬೈಲ್ ಕೊಡ್ರಿ ಕಾಕಾ, ನಾ ಎಲ್ಲಾ ಮಾಡಿ ಕೊಡ್ತೀನಿ" ಎನ್ನುತ್ತಾನೆ. ಪ್ರೀತಿಯಿಂದಲೇ ಅನ್ನುತ್ತಾನೆ. ಐದು ನಿಮಿಷದಲ್ಲಿ ವಾಲೆಟ್ ತಯಾರು, ಪದಗಳ ಫೋಟೊ ಅವನ ಫೋನಿನಲ್ಲಿ ಒಂದು, ಕಾಕಾನ ವಾಟ್ಸಾಪ್‌ನಲ್ಲಿ ಒಂದು. ಆ ಕ್ಷಣದಿಂದಲೇ ಅದು ಕಾಕಾನ ಸ್ವಂತ ವಾಲೆಟ್ ಅಲ್ಲ. ಹುಡುಗ ಪ್ರಾಮಾಣಿಕನೇ ಇರಬಹುದು, ಆದರೆ ಅವನ ಫೋನ್ ಕಳೆಯಬಹುದು, ಮಾರಾಟವಾಗಬಹುದು, ಅದರಲ್ಲಿ ಕೆಟ್ಟ ಆ್ಯಪ್ ಕೂತಿರಬಹುದು. 2025ರ ಫೆಬ್ರುವರಿಯಲ್ಲಿ ಕ್ಯಾಸ್ಪರ್‌ಸ್ಕಿ ಸಂಸ್ಥೆಯವರು ಸ್ಪಾರ್ಕ್‌ಕ್ಯಾಟ್ ಎಂಬ ದುಷ್ಟ ತಂತ್ರಾಂಶವನ್ನು ಪತ್ತೆ ಮಾಡಿದರು. ಅದು ಫೋನಿನ ಗ್ಯಾಲರಿಯ ಚಿತ್ರಗಳಲ್ಲಿ ಇರುವ ಅಕ್ಷರಗಳನ್ನು ಓದಿ, ವಾಲೆಟ್‌ನ ಪದಗಳು ಕಂಡರೆ ಆ ಚಿತ್ರವನ್ನು ಕಳ್ಳರಿಗೆ ಕಳಿಸುತ್ತಿತ್ತು. ಗೂಗಲ್ ಮತ್ತು ಆ್ಯಪಲ್‌ನ ಅಧಿಕೃತ ಅಂಗಡಿಗಳಲ್ಲೇ ಸಿಗುತ್ತಿದ್ದ ಕೆಲವು ಆ್ಯಪ್‌ಗಳಲ್ಲಿ ಅದು ಅಡಗಿತ್ತು. ಸ್ಕ್ರೀನ್‌ಶಾಟ್ ತೆಗೆದಿಟ್ಟರೆ ಏನಾಗುತ್ತದೆ ಎಂದು ಕೇಳುವವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

ಆ ಪದಗಳ ಭಾಷೆಯನ್ನೂ ಗಮನಿಸಬೇಕು. 2013ರಲ್ಲಿ ರೂಪುಗೊಂಡ ಬಿಪ್-39 ಎಂಬ ಪದ್ಧತಿಯಲ್ಲಿ 2048 ಇಂಗ್ಲಿಷ್ ಪದಗಳ ಪಟ್ಟಿಯಿದೆ, ಅದರಿಂದಲೇ ಹನ್ನೆರಡೋ ಇಪ್ಪತ್ನಾಲ್ಕೋ ಪದಗಳನ್ನು ಆ್ಯಪ್ ಹೆಕ್ಕಿ ಕೊಡುತ್ತದೆ. ಜಪಾನಿ, ಕೊರಿಯನ್, ಸ್ಪ್ಯಾನಿಷ್, ಜೆಕ್ ಭಾಷೆಗಳಲ್ಲೂ ಅಧಿಕೃತ ಪಟ್ಟಿಗಳಿವೆ. ಕನ್ನಡದಲ್ಲಿಲ್ಲ, ಭಾರತದ ಯಾವ ಭಾಷೆಯಲ್ಲೂ ಇಲ್ಲ. ಕನ್ನಡ ಶಾಲೆಯಲ್ಲಿ ಓದಿದ ರೈತ ತನಗೆ ಓದಲು ಸುಲಭವಾಗಲೆಂದು ಅವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಮುಂದೆ ಸಂಕಟ ತಪ್ಪಿದ್ದಲ್ಲ. ಬರೆಯುವುದಕ್ಕೆ ಹೇಳುವ ‘ರೈಟ್’ ಕೂಡ ಪಟ್ಟಿಯಲ್ಲಿದೆ, ಸರಿ ಎನ್ನುವ ‘ರೈಟ್’ ಕೂಡ ಇದೆ. ಎರಡು ವರ್ಷದ ಮೇಲೆ ಯಾವುದೆಂದು ಯಾರು ಹೇಳಬೇಕು? ಇಂಗ್ಲಿಷ್ ಅಕ್ಷರಗಳಲ್ಲೇ, ಅದೇ ಕ್ರಮದಲ್ಲಿ, ಅಂಕಿ ಹಾಕಿ ಬರೆಯಬೇಕು. ಪ್ರತಿ ಪದದ ಮೊದಲ ನಾಲ್ಕು ಅಕ್ಷರ ಸ್ಪಷ್ಟವಾಗಿದ್ದರೂ ಸಾಕು, ಅಷ್ಟರಿಂದಲೇ ಪದ ಯಾವುದೆಂದು ಗೊತ್ತಾಗುವ ಹಾಗೆ ಪಟ್ಟಿಯನ್ನು ಮಾಡಿದ್ದಾರೆ. ಬಾಯಿಪಾಠದ ಘೋಷಣೆಯಲ್ಲಿ ಇಂಥ ವಿವರಕ್ಕೆ ಜಾಗವಿಲ್ಲ.

ಪರದೆಯ ಮೇಲೆ ಮೊತ್ತ ಕಂಡರೆ ಅದು ತನ್ನದೇ ಎಂಬ ಭ್ರಮೆಯೂ ಹೊಸಬರಲ್ಲಿ ಬಲವಾಗಿರುತ್ತದೆ. ಅವರನ್ನು ದೂರುವ ಹಾಗೂ ಇಲ್ಲ. ಬೆಂಗಳೂರಿನ ಒಂದು ಹ್ಯಾಕಿಂಗ್ ಪ್ರಕರಣದಲ್ಲಿ 2021ರ ಜನವರಿಯಲ್ಲಿ ಪೊಲೀಸರು ಆರೋಪಿ ತೋರಿಸಿದ ವಾಲೆಟ್ ನಂಬಿ 31 ಬಿಟ್‌ಕಾಯಿನ್‌ಗೆ ಪಂಚನಾಮೆ ಬರೆದರು. ಆಮೇಲೆ ನೋಡಿದರೆ ಅದು ಯಾವುದೋ ಎಕ್ಸ್‌ಚೇಂಜ್‌ನ ಚಾಲ್ತಿಯಲ್ಲಿದ್ದ ವಾಲೆಟ್, ಅದರ ಖಾಸಗಿ ಕೀ ಆರೋಪಿಯ ಬಳಿ ಇರಲೇ ಇಲ್ಲ ಎಂದು ಅದೇ ವರ್ಷ ನವೆಂಬರ್‌ನಲ್ಲಿ ನಗರ ಪೊಲೀಸರೇ ವಿವರಣೆ ಕೊಡಬೇಕಾಯಿತು. ತಜ್ಞರನ್ನು ಜೊತೆಗಿಟ್ಟುಕೊಂಡ ಇಲಾಖೆಗೇ ಹೀಗಾದರೆ ಮೊದಲ ಸಲದವರ ಪಾಡೇನು?

ವಾಲೆಟ್ ಮಾಡುವುದಕ್ಕಿಂತ ಅದಕ್ಕೆ ಹಣ ತುಂಬುವುದು ಕಷ್ಟದ ಕೆಲಸ. ನನ್ನ ತಕರಾರಿನ ತಿರುಳು ಇಲ್ಲಿದೆ. ಘೋಷಣೆ ಕೀಲಿಕೈಯ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತದೆ, ರೂಪಾಯಿ ಕಾಯಿನ್ ಆಗುವ ಆ ಹೊಸ್ತಿಲ ಬಗ್ಗೆ ಸುಮ್ಮನಿರುತ್ತದೆ. ನಮ್ಮವರು ಕಾಲು ಜಾರುವುದು ಆ ಹೊಸ್ತಿಲಲ್ಲೇ.

ದಾರಿ ಎರಡಿವೆ. ಕೇಂದ್ರ ಸರ್ಕಾರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿದ ಎಕ್ಸ್‌ಚೇಂಜ್‌ಗೆ ಪ್ಯಾನ್, ಆಧಾರ್ ಕೊಟ್ಟು, ನಮ್ಮ ಹೆಸರಿನ ಬ್ಯಾಂಕ್ ಖಾತೆಯಿಂದಲೇ ಹಣ ಹಾಕಿ, ಕೊಂಡದ್ದನ್ನು ವಾಲೆಟ್‌ಗೆ ಕಳಿಸಿಕೊಳ್ಳುವುದು ಒಂದು. 2023ರ ಮಾರ್ಚ್‌ನಿಂದ ಈ ಸಂಸ್ಥೆಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಅಡಿಯಲ್ಲಿ ಬರುತ್ತವೆ. ಇನ್ನೊಂದು ದಾರಿಯೆಂದರೆ ಟೆಲಿಗ್ರಾಂನಲ್ಲಿ ಸಿಕ್ಕ ಯಾರಿಗೋ ಯುಪಿಐ ಮಾಡಿ, ಡಾಲರ್ ಬೆಲೆಗೆ ಕಟ್ಟಿದ ಯುಎಸ್‌ಡಿಟಿ ಎಂಬ ಕಾಯಿನ್ ತೆಗೆದುಕೊಳ್ಳುವುದು, ಪಿ-ಟು-ಪಿ ಅನ್ನುತ್ತಾರೆ. ಮೊದಲನೆಯದರಲ್ಲಿ ಕಿರಿಕಿರಿ ಹೆಚ್ಚು, ಕೆಲವು ಆ್ಯಪ್‌ಗಳು ಕಾಯಿನ್ ಹೊರಗೆ ಕಳಿಸಲು ಬಿಡುವುದೂ ಇಲ್ಲ. ಖಾತೆ ತೆರೆಯುವ ಮೊದಲೇ ಅದನ್ನು ವಿಚಾರಿಸಬೇಕು. ಎರಡನೆಯದು ಸಲೀಸು. ಸ್ವಾತಂತ್ರ್ಯದ ಮಾತಾಡುವವರು ಎರಡನೆಯದನ್ನೇ ಹೊಗಳುತ್ತಾರೆ: ಕೆವೈಸಿ ಇಲ್ಲ, ಟಿಡಿಎಸ್ ಇಲ್ಲ, ಯಾರಿಗೂ ಗೊತ್ತಾಗುವುದಿಲ್ಲ.

ಗೊತ್ತಾಗುತ್ತದೆ, ಆದರೆ ತಡವಾಗಿ. ಸೈಬರ್ ವಂಚನೆಗೆ ಸಿಕ್ಕಿದವರು 1930 ಸಹಾಯವಾಣಿಗೆ ದೂರು ಕೊಟ್ಟ ಕೂಡಲೇ ಆ ಹಣ ಹರಿದ ಖಾತೆಗಳನ್ನು ಒಂದೊಂದಾಗಿ ತಡೆಹಿಡಿಯುವ ವ್ಯವಸ್ಥೆ ದೇಶದಲ್ಲಿದೆ. ತಿಕೋಟಾದ ಒಬ್ಬ ಬೆಳೆಗಾರ ಹೀಗೆ ಕೊಂಡ ಯುಎಸ್‌ಡಿಟಿಯನ್ನು ಮುಂದೆ ಇನ್ನೊಬ್ಬ ಅಪರಿಚಿತನಿಗೆ ಮಾರಿ ಐವತ್ತು ಸಾವಿರ ರೂಪಾಯಿ ಪಡೆದ ಎಂದಿಟ್ಟುಕೊಳ್ಳಿ. ಆ ರೂಪಾಯಿ ರಾಜಸ್ಥಾನದ ಯಾವುದೋ ನಿವೃತ್ತ ಮೇಷ್ಟ್ರಿಂದ ಕದ್ದದ್ದಾಗಿದ್ದರೆ ಅಲ್ಲಿಯ ಠಾಣೆಯ ಸೂಚನೆ ಇಲ್ಲಿಯ ಬ್ಯಾಂಕಿಗೆ ಬರುತ್ತದೆ. ಖಾತೆ ಫ್ರೀಜ್. ಅದೇ ಖಾತೆಗೆ ತಾಸಗಾವ್, ಸಾಂಗಲಿಯ ಒಣದ್ರಾಕ್ಷಿ ದುಡ್ಡು ಬಂದಿರುತ್ತದೆ, ಅದರಿಂದಲೇ ಗೊಬ್ಬರದ ಅಂಗಡಿಯ ಬಾಕಿ, ಬಳ್ಳಿಯ ಚಾಟ್ನಿ (ಸವರುವಿಕೆ) ಮಾಡಿದವರ ಕೂಲಿ, ಬೆಳೆಸಾಲದ ಕಂತು ಎಲ್ಲ ಹೋಗಬೇಕು. ಒಂದು ವರ್ಷದ ಬೆವರು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ವಾಲೆಟ್‌ನ ಕೀಲಿಕೈ ಅವನ ಜೇಬಿನಲ್ಲೇ ಭದ್ರವಾಗಿದ್ದರೆ ಏನು ಬಂತು? ತಾನು ಯಾರಿಗೆ ಏನು ಮಾರಿದೆ ಎಂದು ತೋರಿಸಲು ಅವನ ಬಳಿ ಇರುವುದು ಅಳಿಸಿಹೋದ ಒಂದು ಚಾಟ್. ಸಾಗುವಳಿ ಮಾಡುವವರು ಇಂಥ ವ್ಯವಹಾರಕ್ಕೆ ಬೆಳೆಯ ಹಣ ಬರುವ ಖಾತೆಯನ್ನು ಎಂದೂ ಮುಟ್ಟಬಾರದೆಂದು ಕೈಮುಗಿದು ಹೇಳುತ್ತೇನೆ.

ಇನ್ನು ಯುಎಸ್‌ಡಿಟಿಯ ತಾಂತ್ರಿಕ ಗೋಜಲು. ಒಂದೇ ಹೆಸರಿನ ಕಾಯಿನ್ ಟ್ರಾನ್, ಎಥೀರಿಯಂ, ಬಿಎನ್‌ಬಿ ಎಂದು ಹಲವು ನೆಟ್‌ವರ್ಕ್‌ಗಳಲ್ಲಿ ಓಡುತ್ತದೆ. ಕಳಿಸುವ ಕಡೆ ಆರಿಸಿದ ನೆಟ್‌ವರ್ಕ್ ಪಡೆಯುವ ಕಡೆ ಇಲ್ಲದಿದ್ದರೆ ಹಣ ಕಾಣೆಯಾದಂತೆ ಕಾಣುತ್ತದೆ, ಕೆಲವೊಮ್ಮೆ ನಿಜಕ್ಕೂ ಸಿಗುವುದಿಲ್ಲ. ಟ್ರಾನ್‌ನಲ್ಲಿ ಬಂದ ಯುಎಸ್‌ಡಿಟಿಯನ್ನು ಮುಂದೆ ಕಳಿಸಲು ಶುಲ್ಕವಾಗಿ ಟಿಆರ್‌ಎಕ್ಸ್ ಎಂಬ ಬೇರೆಯೇ ಕಾಯಿನ್ ಬೇಕು. ನೂರು ಡಾಲರ್ ಕೈಯಲ್ಲಿದ್ದೂ ಒಂದು ಡಾಲರ್ ಕದಲಿಸಲಾಗದೆ ಕೂತ ಹೊಸಬರು ಇದ್ದಾರೆ. ಈ ಗೊಂದಲವನ್ನೇ ಬಳಸಿಕೊಳ್ಳುವ ಬಲೆಯೂ ಇದೆ. ಏನೂ ಅರಿಯದವರಂತೆ ಯಾರೋ ತಮ್ಮ ವಾಲೆಟ್‌ನ ಹನ್ನೆರಡು ಪದಗಳನ್ನು ಬಹಿರಂಗವಾಗಿ ಹಾಕಿ, ಇದರಲ್ಲಿ ಯುಎಸ್‌ಡಿಟಿ ಇದೆ, ಹೇಗೆ ತೆಗೆಯಲಿ ಎಂದು ಕೇಳುತ್ತಾರೆ. ಆಸೆಗೆ ಬಿದ್ದವನು ಶುಲ್ಕಕ್ಕೆಂದು ತನ್ನ ಟಿಆರ್‌ಎಕ್ಸ್ ಹಾಕುತ್ತಾನೆ, ಅದು ಹೋಗುತ್ತದೆ. ಆ ವಾಲೆಟ್‌ನಿಂದ ಹಣ ತೆಗೆಯುವ ಅಧಿಕಾರವನ್ನು ಮೊದಲೇ ಬೇರೆ ಕೀಗೆ ಕಟ್ಟಿಟ್ಟಿರುತ್ತಾರೆ. ಅಲ್ಲಿ ಕೀ ಕೈಯಲ್ಲಿದೆ, ಕಾಯಿನ್ ಇಲ್ಲ. ಘೋಷಣೆಯ ಮಾತು ಅದರ ನೆಲದಲ್ಲೇ ಸುಳ್ಳಾಗುತ್ತದೆ.

ವಿಳಾಸವನ್ನು ನಕಲಿಸಿ ಅಂಟಿಸುವಾಗ ಮೊದಲ ಮತ್ತು ಕೊನೆಯ ನಾಲ್ಕು ಅಕ್ಷರ ನೋಡಿದರೆ ಸಾಕು ಎಂಬ ರೂಢಿಯೂ ತಪ್ಪು. ಮೊದಲು, ಕೊನೆ ಒಂದೇ ತೆರನಾಗಿ ಕಾಣುವ ವಿಳಾಸಗಳಿಂದ ಚಿಲ್ಲರೆ ಮೊತ್ತ ಕಳಿಸಿ, ಹಳೆಯ ವ್ಯವಹಾರದ ಪಟ್ಟಿಯಲ್ಲಿ ಸೇರಿಕೊಂಡು ಕಾಯುವವರಿದ್ದಾರೆ. ಪೂರ್ತಿ ಓದಬೇಕು.

ತೆರಿಗೆಯ ವಿಷಯದಲ್ಲಿ ನಮ್ಮ ಭಾಗದ ಒಂದು ವಿಶೇಷವಿದೆ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲದ್ದರಿಂದ ಎಷ್ಟೋ ಬೆಳೆಗಾರರು ರಿಟರ್ನ್ ಸಲ್ಲಿಸಿಯೇ ಗೊತ್ತಿಲ್ಲ. ಕ್ರಿಪ್ಟೊ ಲಾಭ ಕೃಷಿಯದಲ್ಲ. 2022ರ ಏಪ್ರಿಲ್ 1ರಿಂದ ಅದಕ್ಕೆ ಶೇ 30 ತೆರಿಗೆ, ಮೇಲೆ ಸೆಸ್. ಆದಾಯ ಕಡಿಮೆಯೆಂಬ ವಿನಾಯಿತಿ ಅದಕ್ಕೆ ಸಿಗುವುದಿಲ್ಲ, ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗೂ ಇಲ್ಲ. ಕಳೆಯಬಹುದಾದದ್ದು ಕೊಂಡ ಬೆಲೆಯೊಂದನ್ನೇ. ಕೊಂಡ ಬೆಲೆಗೆ ಪುರಾವೆ ಇಲ್ಲದವನು ಬಂದ ಮೊತ್ತವೆಲ್ಲ ಲಾಭವಲ್ಲ ಎಂದು ಯಾವ ಬಾಯಿಂದ ಹೇಳಬೇಕು? ಅದೇ ವರ್ಷ ಜುಲೈ 1ರಿಂದ ಶೇ 1 ಟಿಡಿಎಸ್ ಬಂತು. ಪಿ-ಟು-ಪಿಯಲ್ಲಿ ಸಣ್ಣ ವ್ಯಕ್ತಿಗಳಿಗೂ ವರ್ಷದ ಮೊತ್ತ 50,000 ರೂಪಾಯಿ ದಾಟಿದರೆ ಅದನ್ನು ಕಡಿತ ಮಾಡಿ ಸರ್ಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವನದೇ. ಎಕ್ಸ್‌ಚೇಂಜ್‌ನಿಂದ ನಮ್ಮದೇ ವಾಲೆಟ್‌ಗೆ ಕಳಿಸಿಕೊಂಡರೆ ಅದು ಮಾರಾಟವಲ್ಲ, ತೆರಿಗೆಯಿಲ್ಲ. ಆದರೆ ಕೊಂಡ ದಿನದ ಸ್ಟೇಟ್‌ಮೆಂಟ್ ಇಳಿಸಿಕೊಂಡು ಮುದ್ರಿಸಿ ಇಡಬೇಕು. ಎಕ್ಸ್‌ಚೇಂಜ್ ಮುಚ್ಚಿದರೆ ಆ ಸ್ಟೇಟ್‌ಮೆಂಟೂ ಸಿಗುವುದಿಲ್ಲ.

ಉತಾರದ ಕೊನೆಯ ಕಾಲಂ ವಾರಸಾ. ಬ್ಯಾಂಕ್ ಖಾತೆಗೆ ಈಗ ನಾಲ್ವರವರೆಗೆ ನಾಮಿನಿ ಬರೆಸಬಹುದು. ಹೊಲದ ಯಜಮಾನ ತೀರಿಕೊಂಡರೆ ಮಕ್ಕಳು ವಾರಸಾ ಅರ್ಜಿ ಕೊಡುತ್ತಾರೆ. ಹನ್ನೆರಡು ಪದ ತಿಳಿದವನು ತೀರಿಕೊಂಡರೆ ಅರ್ಜಿ ಕೊಡಲು ಕಚೇರಿಯೇ ಇಲ್ಲ. ಬ್ರಿಟನ್ನಿನ ನ್ಯೂಪೋರ್ಟ್‌ನ ಜೇಮ್ಸ್ ಹೋವೆಲ್ಸ್ ಅವರ ಸುಮಾರು 8,000 ಬಿಟ್‌ಕಾಯಿನ್‌ಗಳನ್ನು ಯಾರೂ ಕದಿಯಲಿಲ್ಲ. ಕೀ ಇದ್ದ ಹಾರ್ಡ್‌ಡಿಸ್ಕ್ 2013ರಲ್ಲಿ ಕಸದ ಜೊತೆ ಹೋಯಿತು, ಅದನ್ನು ಅಗೆದು ತೆಗೆಯಲು ಅನುಮತಿ ಕೇಳಿದ ಅವರ ದಾವೆಯನ್ನು ಕೋರ್ಟು 2025ರ ಜನವರಿಯಲ್ಲಿ ವಜಾ ಮಾಡಿತು. ನಮ್ಮ ಮನೆಗಳಲ್ಲಿ ಈ ಸಮಸ್ಯೆ ಇನ್ನೂ ಗಾಢ. ಬಂಗಾರ ಹೆಣ್ಣುಮಕ್ಕಳ ಮೈಮೇಲಿರುತ್ತದೆ, ಎಷ್ಟಿದೆ ಎಂದು ಅತ್ತೆಗೂ ಗೊತ್ತು, ನೆರೆಯವರಿಗೂ ಗೊತ್ತು. ವಾಲೆಟ್ ಗಂಡಸಿನ ಫೋನಿನಲ್ಲಿರುತ್ತದೆ, ಹೆಂಡತಿಗೆ ಅದರ ಹೆಸರೂ ಗೊತ್ತಿರುವುದಿಲ್ಲ. ಗುಟ್ಟಾಗಿಡು ಎಂದು ಒತ್ತಿ ಹೇಳುವ ಘೋಷಣೆ ಈ ಅಸಮಾನತೆಗೆ ಇನ್ನೊಂದು ಬೀಗ ಹಾಕುತ್ತದೆ. ಪದಗಳು ಮನೆಯ ಒಂದು ಕಡೆ ಭದ್ರವಾಗಿರಲಿ. ಇದು ಏನು, ಯಾವ ಆ್ಯಪ್, ಯಾವ ನೆಟ್‌ವರ್ಕ್, ಹೇಗೆ ತೆರೆಯಬೇಕು, ಯಾರನ್ನು ನಂಬಬಾರದು ಎಂದು ಕನ್ನಡದಲ್ಲಿ ಬರೆದ ಕಾಗದ ಹೆಂಡತಿಯ ಕೈಯಲ್ಲಿರಲಿ.

ಹಾಗಾದರೆ ಎಕ್ಸ್‌ಚೇಂಜ್‌ನಲ್ಲೇ ಬಿಟ್ಟು ಇನ್ನೊಂದು ವಜೀರ್‌ಎಕ್ಸ್ ಆಗಲಿ ಅನ್ನುತ್ತೀರಾ ಎಂದು ಕೇಳಬಹುದು. ಇಲ್ಲ. ಸ್ವಂತ ವಾಲೆಟ್ ಬೇಡವೆಂದೂ ನಾನು ಹೇಳುತ್ತಿಲ್ಲ. ತನ್ನ ಆಸ್ತಿಗೆ ತಾನೇ ಸಹಿ ಹಾಕುವ ಅಧಿಕಾರ ದೊಡ್ಡದು, ಅದನ್ನು ಕಲಿಯಬೇಕಾದವರಲ್ಲಿ ಹಳ್ಳಿಯವರೂ ಇದ್ದಾರೆ. ಕಲಿಯುವ ಕಾಲದಲ್ಲಿ ಹಣ ಸಣ್ಣದಿರಬೇಕು. ಸಾಲದ ಹಣ, ಬೆಳೆಯ ಹಣ ಅದರ ಹತ್ತಿರವೂ ಸುಳಿಯಬಾರದು.

ಆ್ಯಪನ್ನು ಅಧಿಕೃತ ಅಂಗಡಿಯಿಂದಲೇ, ತಯಾರಕರ ಹೆಸರು ನೋಡಿ, ಸ್ವಂತ ಕೈಯಿಂದ ಹಾಕಿಕೊಳ್ಳಿ. ಒಂದು ಪೈಸೆ ತುಂಬುವ ಮೊದಲೇ ಪದಗಳನ್ನು ಕಾಗದಕ್ಕೆ ಬರೆದು, ಆ್ಯಪ್ ಅಳಿಸಿ, ಮತ್ತೆ ಹಾಕಿ, ಕಾಗದ ನೋಡಿ ಪದ ಕೊಟ್ಟು ಅದೇ ವಿಳಾಸ ಬರುತ್ತದೆಯೇ ನೋಡಿ. ಆಮೇಲೆ ನೋಂದಾಯಿತ ಎಕ್ಸ್‌ಚೇಂಜ್‌ನಲ್ಲಿ, ಹೋದರೂ ಮನೆ ನಡೆಯುವಷ್ಟು ಚಿಕ್ಕ ಮೊತ್ತಕ್ಕೆ ಕೊಂಡು, ಅದರಲ್ಲಿ ಸ್ವಲ್ಪವನ್ನು ವಾಲೆಟ್‌ಗೆ ಕಳಿಸಿ. ಬಂದದ್ದನ್ನು ಮತ್ತೆ ಎಕ್ಸ್‌ಚೇಂಜ್‌ಗೆ ಮರಳಿಸಿ, ಮಾರಿ, ರೂಪಾಯಿಯಾಗಿ ನಿಮ್ಮ ಖಾತೆಗೆ ತರಿಸಿಕೊಳ್ಳಿ, ಟಿಡಿಎಸ್ ನಿಮ್ಮ ಪ್ಯಾನ್‌ನಲ್ಲಿ ಕಾಣುತ್ತದೆಯೇ ಪರೀಕ್ಷಿಸಿ. ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೇ ಹೆಚ್ಚಾಯಿತು ಎನಿಸಿದರೂ ಚಿಂತೆಯಿಲ್ಲ. ಇದೆಲ್ಲ ಆದ ಮೇಲೆ ಕನ್ನಡದ ಕಾಗದವನ್ನು ಹೆಂಡತಿಗೋ ಮಗಳಿಗೋ ಕೊಟ್ಟು, ನೀವು ಪಕ್ಕದಲ್ಲಿ ಕೂರದೆ, ಇನ್ನೊಂದು ಫೋನಿನಲ್ಲಿ ಆ ವಾಲೆಟ್ ತೆರೆಯಲು ಹೇಳಿ. ಅವರಿಂದ ಆಗದಿದ್ದರೆ ಕಾಗದವನ್ನು ತಿದ್ದಿ ಮತ್ತೆ ಕೊಡಿ. ಅವರು ತೆರೆಯುವವರೆಗೆ ಉಳಿದ ಹಣ ಬ್ಯಾಂಕಿನಲ್ಲೇ ಇರಲಿ.